ಶಬ್ದದ ಬಳಗ: ಹುಡುಕಿದ್ದು ಸಿಗದಿದ್ದಾಗ ಮಾಡತಕ್ಕದ್ದೇನು?



ನಮ್ಮ ಉಚಿತ ವಾಚನಾಲಯದಲ್ಲಿ ವರ್ತಮಾನಪತ್ರ ಓದಲು ಬರುವವರಷ್ಟೇ ಜನ ಈಗ ಮೂಲೆಯ ಗಣಕಯಂತ್ರದ ಸಲುವಾಗಿಯೂ ಬರುತ್ತಾರೆ. ಕೆಲವರು ತಮ್ಮ ಮೊಬೈಲಿನಲ್ಲಿಯೇ ನೋಡುತ್ತಾರೆ. ಊರಿನ ಹೊಲದ ಉತಾರ, ತಾಯಿಯ ಪಿಂಚಣಿ, ತೀರಿಕೊಂಡ ತಂದೆಯ ಪ್ರಾವಿಡೆಂಟ್ ಫಂಡ್, ಮಗಳ ವಿದ್ಯಾರ್ಥಿವೇತನ, ಹೀಗೆ ಒಬ್ಬೊಬ್ಬರದು ಒಂದೊಂದು ಅಡಚಣಿ. ಆದರೆ ಹುಡುಕುವ ರೀತಿ ಮಾತ್ರ ಬಹುತೇಕ ಎಲ್ಲರದೂ ಒಂದೇ. ತೋಚಿದ ಒಂದು ಶಬ್ದವನ್ನು ಬರೆಯುವದು, ಬಂದ ಮೊದಲ ನಾಲ್ಕು ಸಾಲು ನೋಡುವದು, “ಏನೂ ಇಲ್ಲರಿ” ಎಂದು ಎದ್ದು ಹೋಗುವದು.

ಯಂತ್ರವು “ಇಲ್ಲ” ಎಂದು ಹೇಳಿದರೆ ಅದರ ಅರ್ಥ ಬಹಳ ಸಣ್ಣದು. ನೀವು ಬರೆದ ಶಬ್ದವು ತನ್ನ ಹತ್ತಿರವಿರುವ ಕಾಗದಗಳಲ್ಲಿ ಕಾಣಲಿಲ್ಲವೆಂದಷ್ಟೇ ಅದು ಹೇಳುತ್ತದೆ. ನಿಮಗೆ ಬೇಕಾದ ಕಾಗದವು ಬೇರೊಂದು ಹೆಸರು ಹೊತ್ತು ಅಲ್ಲಿಯೇ ಬಿದ್ದಿರಬಹುದು. ಈ ವ್ಯತ್ಯಾಸ ತಿಳಿಯದ ಕಾರಣ ಸಲ್ಲಬೇಕಾದ ಹಣವನ್ನೂ ಹಕ್ಕನ್ನೂ ಕೈಬಿಡುವವರು ಇದ್ದಾರೆ. ಆದುದರಿಂದ ಈ ಪಾಠ.

ಮೊದಲು ನಮ್ಮ ಮಾತನ್ನೇ ನೋಡೋಣ. ಧಾರವಾಡದ ಕಡೆಯವರು ಶೇಂಗಾ ಎನ್ನುವದನ್ನು ಮೈಸೂರಿನ ಕಡೆಯವರು ಕಡಲೆಕಾಯಿ ಎನ್ನುತ್ತಾರೆ. ಮಂಗಳೂರಿನವರು ನೆಲಕಡಲೆ ಎನ್ನುತ್ತಾರೆ. ಕಾಳು ಒಂದೇ, ಭಾಷೆಯೂ ಒಂದೇ. “ಶೇಂಗಾ ದರ” ಎಂದು ಹುಡುಕುವವನಿಗೆ “ಕಡಲೆಕಾಯಿ ಧಾರಣೆ” ಎಂಬ ತಲೆಬರಹದ ಕಾಗದ ಸಿಗದೇ ಹೋಗಬಹುದು. ದರವೆಂದರೂ ಧಾರಣೆಯೆಂದರೂ ಒಂದೇ ಎಂಬುದನ್ನೂ ಯಾರಾದರೂ ಯಂತ್ರಕ್ಕೆ ಹೇಳಬೇಕಾಗುತ್ತದೆ.

ಇದು ಕನ್ನಡದ ದೋಷವೆಂದು ಯಾರೂ ತಿಳಿಯಬಾರದು. 1987ರಲ್ಲಿ ಅಮೆರಿಕದ ಫರ್ನಾಸ್ ಮತ್ತು ಅವರ ಸಂಗಡಿಗರು ಇದನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಒಂದೇ ವಸ್ತುವಿಗೆ ಅಥವಾ ಒಂದೇ ಕೆಲಸಕ್ಕೆ ಇಬ್ಬರು ಜನ ತಮ್ಮಷ್ಟಕ್ಕೆ ಹೆಸರಿಟ್ಟರೆ, ಆ ಎರಡೂ ಹೆಸರು ಒಂದೇ ಆಗುವ ಸಂಭವ 100ಕ್ಕೆ 20ಕ್ಕಿಂತಲೂ ಕಡಿಮೆಯೆಂದು ಅವರಿಗೆ ಕಂಡುಬಂತು. ಅಂದರೆ ಕಾಗದ ಬರೆದ ಕಚೇರಿಯ ಕಾರಕೂನ ಒಬ್ಬ, ಅದನ್ನು ಹುಡುಕುವ ನೀವು ಒಬ್ಬರು. ಇಬ್ಬರ ಬಾಯಲ್ಲಿಯೂ ಮೊದಲನೆಯ ಸಲಕ್ಕೇ ಒಂದೇ ಶಬ್ದ ಬಂದರೆ ಅದು ದೈವ.

ಗಿರಣಿಯ ಸ್ಟೋರಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ವಹಿಯೊಂದರಲ್ಲಿ ಕನ್ನಡದ ಕಾರಕೂನ ಲಾಳಿ ಎಂದು ಬರೆದಿದ್ದರೆ, ಮರಾಠಿಯವನು ಧೋಟಾ ಎಂದು ಬರೆದಿರುತ್ತಾನೆ, ಇಂಗ್ಲಿಷ್ ಬಲ್ಲವನು ಶಟಲ್ ಎಂದು. ಮೂರು ಪುಟಗಳಲ್ಲಿ ಮೂರು ಶಿಲ್ಲಕು. ಲಾಳಿಯ ಪುಟವನ್ನಷ್ಟೇ ತೆರೆದು “ಮಾಲು ತೀರಿತು” ಎಂದು ಆರ್ಡರು ಬರೆಯುವ ಕಾರಕೂನನಿಗೆ ಸ್ಟೋರ್‌ಕೀಪರರು ಏನು ಹೇಳುತ್ತಾರೆಂಬುದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಈಗ ಹೊಲದ ಕಾಗದಕ್ಕೆ ಬರೋಣ. ಕರ್ನಾಟಕದ ಕಂದಾಯ ಕಚೇರಿಯಲ್ಲಿ ಇದಕ್ಕೆ ಪಹಣಿ ಎಂದೂ ಆರ್.ಟಿ.ಸಿ. ಎಂದೂ ಹೆಸರು. ಬೆಳಗಾವಿ, ವಿಜಯಪುರದ ಕಡೆ ಇಂದಿಗೂ ಉತಾರ ಎಂದರೇನೇ ತಿಳಿಯುತ್ತದೆ. ಗಡಿಯ ಈಚೆ ಮಹಾರಾಷ್ಟ್ರದಲ್ಲಿ ಇದೇ ಸಾತ್‌ಬಾರಾ. ತಂದೆ ತೀರಿದ ಮೇಲೆ ಮಕ್ಕಳ ಹೆಸರು ಹಚ್ಚುವದಕ್ಕೆ ನಮ್ಮ ಮಂದಿ ವಾರಸಾ ಮಾಡಿಸುವದು ಎನ್ನುತ್ತಾರೆ. ಕಚೇರಿಯ ಕಾಗದಗಳಲ್ಲಿ ಅದು ಪೌತಿ ಖಾತೆ, ಖಾತೆ ಬದಲಾವಣೆ, ಹಕ್ಕು ಬದಲಾವಣೆ, ಮ್ಯುಟೇಶನ್ ಎಂದು ನಾನಾ ರೂಪದಲ್ಲಿ ಬರುತ್ತದೆ. “ವಾರಸಾ” ಎಂದಷ್ಟೇ ಬರೆದು ಹುಡುಕಿದರೆ ಮರಾಠಿಯ ಪುಟಗಳೇ ಮುಂದೆ ಬಂದು ನಿಲ್ಲುವ ಸಂಭವ ಹೆಚ್ಚು. “ಪೌತಿ ಖಾತೆ” ಎಂದು ಸೇರಿಸಿದಿರೋ ಕರ್ನಾಟಕದ ಪುಟಗಳು ಬರತೊಡಗುತ್ತವೆ. ಆ ಎರಡು ಶಬ್ದ ಗೊತ್ತಿಲ್ಲದೆ ಬಸ್ಸಿನ ಖರ್ಚು ಮಾಡಿಕೊಂಡು ಊರಿಗೆ ಹೋಗಿ, ಏಜಂಟನ ಕೈಯಲ್ಲಿ ಸಿಕ್ಕವರು ನಮ್ಮಲ್ಲಿ ಒಬ್ಬಿಬ್ಬರಲ್ಲ.

ಇನ್ನೊಂದು ಉದಾಹರಣೆ. ಮಗ್ಗದ ಖಾತೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ವಿಧವೆಯಾದ ತಮ್ಮ ತಂಗಿಯ ಸಲುವಾಗಿ ವಾಚನಾಲಯಕ್ಕೆ ಬಂದಿದ್ದರು.

“ತಮ್ಮಾ, ಮೂರು ದಿನ ಆತು ನೋಡಾಕತ್ತೇನಿ. ನಮ್ಮ ತಂಗೀಗೆ ಏನೂ ಇಲ್ಲಂತ ಕಾಣಸ್ತದ.”

“ಏನಂತ ಬರದ್ರಿ, ಕಾಕಾ?”

“ವಿಧವಾ ವೇತನ ಅಂತ. ಎಲ್ಲಾ ಊರ ಕಡೀದ ಬರ್ತದ.”

“ತಂಗಿಯವರ ರೇಶನ್ ಕಾರ್ಡು ಎಲ್ಲೀದ್ರಿ?”

“ಇಲ್ಲೀದ. ಮದಿವಿ ಆದಾಗಿಂದ ಇಲ್ಲೇ ಅದಾಳ.”

ಕರ್ನಾಟಕದಲ್ಲಿ ಈ ನೆರವಿಗೆ ನಿರ್ಗತಿಕ ವಿಧವಾ ವೇತನ ಎಂದು ಹೆಸರಿರುವದರಿಂದ ಅವರು ಬರೆದ ಶಬ್ದಕ್ಕೆ ಊರಿನ ಪುಟಗಳು ಬಂದದ್ದು ಸರಿಯೇ. ಆದರೆ ಮಹಾರಾಷ್ಟ್ರದಲ್ಲಿ ವಿಧವೆಯರಿಗೂ ಅನ್ವಯಿಸುವ ಮುಖ್ಯ ಯೋಜನೆಯ ಹೆಸರು “ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನಾ”. ವಿಧವೆ ಎಂಬ ಶಬ್ದವೇ ಆ ಹೆಸರಿನಲ್ಲಿಲ್ಲ! ವೃದ್ಧರ ಪಿಂಚಣಿಯ ಕಥೆಯೂ ಇದೇ: ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ, ಮಹಾರಾಷ್ಟ್ರದಲ್ಲಿ ಶ್ರಾವಣಬಾಳ. ತೆಲಂಗಾಣದಲ್ಲಿ 2014ರಲ್ಲಿ ಇಂಥ ಪಿಂಚಣಿಗಳನ್ನು ಆಸರಾ ಎಂಬ ಒಂದೇ ಹೆಸರಿನ ಕೆಳಗೆ ತಂದರು. (ನಮ್ಮ ಆಸರೆ ಎಂಬ ಮಾತಿನ ಅಕ್ಕತಂಗಿ ಅದು.) ಸರಕಾರಗಳು ಯೋಜನೆಗೆ ಹೆಸರಿಡುವಾಗ ಅರ್ಜಿ ಹಾಕುವವಳ ಬಾಯಲ್ಲಿ ಯಾವ ಶಬ್ದವಿದೆಯೆಂಬುದನ್ನು ವಿಚಾರಿಸಿದಂತೆ ಕಾಣುವದಿಲ್ಲ.

ಕಾಕಾ ಅವರ ಕೆಲಸ ಹೀಗೆ ಸಾಗಿತು. “ವಿಧವಾ” ಎಂಬುದರ ಜೊತೆಗೆ ಪೆನ್ಶನ್, ಅನುದಾನ, ಯೋಜನಾ, ಮಹಾರಾಷ್ಟ್ರ ಎಂಬ ನಾಲ್ಕು ಶಬ್ದಗಳನ್ನು ದೇವನಾಗರಿಯಲ್ಲಿ ಸೇರಿಸಿ ಬರೆದೆವು. ಬಂದ ಪುಟಗಳಲ್ಲಿ ಎರಡನೆಯದನ್ನು ತೆರೆದಾಗ “ನಿರಾಧಾರ” ಎಂಬ ಶಬ್ದ ಕಣ್ಣಿಗೆ ಬಿತ್ತು. ಆ ಶಬ್ದವನ್ನೇ ಎತ್ತಿಕೊಂಡು ಮರಳಿ ಹುಡುಕಿದಾಗ ಅರ್ಜಿಯ ನಮೂನೆ, ಜೋಡಿಸಬೇಕಾದ ಕಾಗದಗಳ ಯಾದಿ ಎಲ್ಲ ಬಂದವು. ಅರ್ಜಿ ಈಗ ಕಚೇರಿಯಲ್ಲಿದೆ.

ಇಲ್ಲಿ ಗಮನಿಸತಕ್ಕದ್ದು ನಡುವಿನ ಹೆಜ್ಜೆ. ಮೊದಲು ಸಿಕ್ಕ ಒಂದು ಸುಮಾರಾದ ಕಾಗದದಿಂದಲೇ ಮುಂದಿನ ಹುಡುಕಾಟದ ಶಬ್ದವನ್ನು ತೆಗೆದುಕೊಳ್ಳುವದು. ಇದು ನಾವು ಕಂಡುಹಿಡಿದ ಉಪಾಯವೇನೂ ಅಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಗೆರಾರ್ಡ್ ಸಾಲ್ಟನ್ ಎಂಬವರ ಜೊತೆ ಕೆಲಸ ಮಾಡುತ್ತಿದ್ದ ರೋಕಿಯೊ ಎಂಬವರು ಯಂತ್ರಕ್ಕೇ ಇದನ್ನು ಕಲಿಸುವ ಗಣಿತ ಬರೆದರು. ಓದುವವನು “ಈ ಕಾಗದ ಸರಿ, ಆ ಕಾಗದ ಬೇಡ” ಎಂದು ಗುರುತು ಹಾಕಿದರೆ, ಸರಿಯಾದ ಕಾಗದಗಳಲ್ಲಿರುವ ಶಬ್ದಗಳಿಗೆ ಯಂತ್ರವು ತೂಕ ಹೆಚ್ಚಿಸಿ, ಬೇಡವಾದವುಗಳ ಶಬ್ದಗಳಿಗೆ ತೂಕ ಇಳಿಸಿ ಮತ್ತೆ ಹುಡುಕುತ್ತದೆ. ನಾವು ಪೆನ್ಸಿಲು ಹಿಡಿದು ಮಾಡಿದ್ದೂ ಇದನ್ನೇ. ನನ್ನ ಅಭಿಪ್ರಾಯದಲ್ಲಿ ಈ ಪಾಠದಲ್ಲಿ ಎಲ್ಲಕ್ಕೂ ಹೆಚ್ಚು ಉಪಯೋಗದ ಮಾತು ಇದೇ. ಉಳಿದದ್ದನ್ನು ಮರೆತರೂ ಚಿಂತೆಯಿಲ್ಲ.

ಅಶಿಕ್ಷಿತರು ಮಾತ್ರ ಹೀಗೆ ಎಡವುತ್ತಾರೆಂದು ತಿಳಿಯುವವರಿಗೆ ಒಂದು ಸಂಗತಿ ಹೇಳಬೇಕು. ಅಮೆರಿಕದಲ್ಲಿ ಒಂದು ದೊಡ್ಡ ದಾವೆಯ ಸಲುವಾಗಿ ಸುಮಾರು 40,000 ಕಾಗದಗಳನ್ನು, ಅಂದರೆ ಸುಮಾರು 3,50,000 ಪುಟಗಳನ್ನು ಗಣಕಯಂತ್ರದಲ್ಲಿ ತುಂಬಿಟ್ಟಿದ್ದರು. ವಕೀಲರು ತಮಗೆ ಬೇಕಾದ ಕಾಗದಗಳಲ್ಲಿ ನೂರಕ್ಕೆ 75ರಷ್ಟಾದರೂ ದೊರೆಯಲೇಬೇಕೆಂದು ಹೇಳಿದ್ದರು. ಹುಡುಕಾಟ ಮುಗಿದಾಗ ಅಷ್ಟು ದೊರೆತಿವೆಯೆಂದೇ ನಂಬಿದ್ದರು. ಬ್ಲೇರ್ ಮತ್ತು ಮೇರನ್ ಎಂಬ ಇಬ್ಬರು ವಿದ್ವಾಂಸರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ ಫಲಿತಾಂಶವೆಂದರೆ, ನಿಜವಾಗಿ ದೊರೆತದ್ದು ಸರಾಸರಿ ನೂರಕ್ಕೆ 20 ಮಾತ್ರ. ಕಾರಣವೇನು? ವಕೀಲರು “ಅಪಘಾತ” ಎಂದು ಹುಡುಕಿದರು. ಕಾಗದ ಬರೆದ ಜನರಲ್ಲಿ ಕೆಲವರು ಅದೇ ಸಂಗತಿಯನ್ನು ಘಟನೆ ಎಂದು ಬರೆದಿದ್ದರು, ಕೆಲವರು ಸಮಸ್ಯೆ ಎಂದು, ತೊಂದರೆ ಎಂದು. ತಪ್ಪು ತಮ್ಮ ಮೇಲೆ ಬರಬಹುದಾದವರಂತೂ ಅದನ್ನು “ದುರದೃಷ್ಟಕರ ಪರಿಸ್ಥಿತಿ” ಎಂದಿದ್ದರು. ಕಚೇರಿಯ ಪತ್ರವ್ಯವಹಾರ ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ದೊರೆತ 20ರಲ್ಲಿ ಕೆಲಸಕ್ಕೆ ಬಾರದವು ಹೆಚ್ಚೇನೂ ಇರಲಿಲ್ಲವಾದ್ದರಿಂದ ಎಲ್ಲವೂ ಸುಸೂತ್ರವೆಂದು ಅವರಿಗೆ ಭಾಸವಾಯಿತು. ಕೈಗೆ ಸಿಕ್ಕದ್ದು ಕಾಣುತ್ತದೆ; ಸಿಗದೇ ಉಳಿದದ್ದು ಕಾಣುವದಿಲ್ಲ.

ಇದೇ ಮೇರನ್ ಅವರು 1960ರಲ್ಲಿಯೇ ಕೂನ್ಸ್ ಎಂಬವರ ಸಂಗಡ, ಕಾಗದಗಳಲ್ಲಿ ಯಾವ ಶಬ್ದಗಳು ಮೇಲಿಂದ ಮೇಲೆ ಕೂಡಿ ಬರುತ್ತವೆಯೆಂದು ಎಣಿಸಿ, ಕೇಳಿದ ಶಬ್ದಕ್ಕೆ ಅದರ ಬಳಗವನ್ನು ಯಂತ್ರವೇ ಸೇರಿಸಬಹುದೆಂದು ಸೂಚಿಸಿದ್ದರು.

ಹಾಗಾದರೆ ಶಬ್ದದ ಬಳಗವನ್ನು ಕೂಡಿಸುವದು ಹೇಗೆ? ಯಂತ್ರದ ಮುಂದೆ ಕೂಡುವ ಮೊದಲು ಒಂದು ಕಾಗದದ ಮೇಲೆ ನಿಮ್ಮ ಶಬ್ದವನ್ನು ಬರೆಯಿರಿ. ಅದರ ಕೆಳಗೆ, ನಿಮ್ಮ ಊರಿನಲ್ಲಿ ಅದಕ್ಕೆ ಏನನ್ನುತ್ತಾರೆ, ಬೇರೆ ಜಿಲ್ಲೆಯವನಾದ ನಿಮ್ಮ ಖೋಲಿಯ ಸಂಗಡಿಗ ಏನನ್ನುತ್ತಾನೆ ಎಂದು ಬರೆಯಿರಿ. ನೀವಿರುವ ಊರಿನ ಭಾಷೆಯಲ್ಲಿ ಮತ್ತು ಇಂಗ್ಲಿಷಿನಲ್ಲಿ ಅದಕ್ಕೆ ಏನು ಹೆಸರೆಂದು ಬರೆಯಿರಿ. ಕಚೇರಿಯವರು ಅದನ್ನು ಯಾವ ಶಬ್ದದಿಂದ ಬರೆಯುತ್ತಾರೆಂಬುದೇ ಎಲ್ಲಕ್ಕೂ ಮುಖ್ಯ. ಹಳೆಯ ರಸೀದಿ, ನೋಟೀಸು, ಪಾಸಬುಕ್ಕು ಏನಾದರೂ ಮನೆಯಲ್ಲಿದ್ದರೆ ಅದರ ಮೇಲಿನ ತಲೆಬರಹವನ್ನು ಅಕ್ಷರ ಬಿಡದೆ ನಕಲು ಮಾಡಿರಿ.

ಹಳೆಯ ಹೆಸರುಗಳನ್ನಂತೂ ಮರೆಯಲೇಬಾರದು. 2014ರ ನವೆಂಬರ್ 1ರಿಂದ ಕರ್ನಾಟಕದ 12 ಊರುಗಳ ಹೆಸರುಗಳನ್ನು ಅಧಿಕೃತವಾಗಿ ಬದಲಿಸಿದರು. ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬೆಳಗಾಂ ಬೆಳಗಾವಿಯಾಯಿತು. ಅದಕ್ಕೂ ಹಿಂದಿನ ಕಾಗದಗಳೆಲ್ಲ ಹಳೆಯ ಹೆಸರಿನಲ್ಲಿಯೇ ಇರುವವು. 1973ರ ನವೆಂಬರ್ 1ಕ್ಕೆ ಮೊದಲು ರಾಜ್ಯದ ಹೆಸರೇ ಮೈಸೂರು. 1956ಕ್ಕೆ ಮೊದಲು ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರದವರು ಮುಂಬಯಿ ಪ್ರಾಂತದಲ್ಲಿದ್ದರು. ಗುಲ್ಬರ್ಗ, ರಾಯಚೂರು, ಬೀದರದವರು ಹೈದರಾಬಾದಿನಲ್ಲಿದ್ದರು. ಅಜ್ಜನ ಕಾಲದ ಕಾಗದ ಹುಡುಕುವವರು ಈ ಹೆಸರುಗಳನ್ನೂ ಜೊತೆಗೆ ಒಯ್ಯಬೇಕು.

ಯಾದಿ ಸಿದ್ಧವಾದ ಮೇಲೆ ಅದನ್ನು ಗೂಗಲಿನಂಥ ಶೋಧಯಂತ್ರಕ್ಕೆ ಕೊಡುವ ಕ್ರಮ ಸರಳವಾಗಿದೆ. ಎರಡು ಶಬ್ದಗಳಲ್ಲಿ ಯಾವುದು ಬಂದರೂ ನಡೆದೀತು ಎನ್ನುವಾಗ ಅವುಗಳ ನಡುವೆ ಇಂಗ್ಲಿಷಿನ ಓ ಮತ್ತು ಆರ್ ಎಂಬೆರಡು ಅಕ್ಷರಗಳನ್ನು ದೊಡ್ಡಕ್ಷರದಲ್ಲಿ ಬರೆಯಬೇಕು. ಶಬ್ದಗಳು ಇದ್ದ ಹಾಗೆಯೇ, ಅದೇ ಅನುಕ್ರಮದಲ್ಲಿ ಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಬೇಡವಾದ ಶಬ್ದದ ಹಿಂದೆ ಜಾಗ ಬಿಡದೆ ಕಳೆಯುವ ಚಿಹ್ನೆ ಹಚ್ಚಬೇಕು.

ಕಳೆಯುವ ಚಿಹ್ನೆಯ ಅವಶ್ಯಕತೆ ಯಾಕೆಂದರೆ, ಬಳಗ ಬಹಳವಾದರೆ ಗದ್ದಲವೂ ಬಹಳ. ಬಿಜಾಪುರ ಎಂಬ ಹಳೆಯ ಹೆಸರನ್ನು ಸೇರಿಸಿದೊಡನೆ ಛತ್ತೀಸಗಡದ ಬಿಜಾಪುರ ಜಿಲ್ಲೆಯ ವರ್ತಮಾನಗಳೂ ಬಂದು ಕೂಡುತ್ತವೆ. ಸರಿ, ಹೊಸ ಹೆಸರಿನಿಂದಲೇ ಹುಡುಕೋಣವೆಂದರೆ ಬೆಂಗಳೂರಿನ ಹತ್ತಿರ ದೇವನಹಳ್ಳಿ ತಾಲೂಕಿನಲ್ಲಿಯೂ ಒಂದು ವಿಜಯಪುರವಿದೆ! ಇಂಥಲ್ಲಿ ತಾಲೂಕಿನ ಹೆಸರೊಂದನ್ನು ಕೂಡಿಸಬೇಕು: ಇಂಡಿ, ಸಿಂದಗಿ, ಮುದ್ದೇಬಿಹಾಳ, ನಿಮ್ಮದು ಯಾವುದೋ ಅದು. ಇಂಗ್ಲಂಡಿನ ಕ್ರ್ಯಾನ್‌ಫೀಲ್ಡಿನಲ್ಲಿ ಕ್ಲೆವರ್ಡನ್ ಎಂಬ ಗ್ರಂಥಪಾಲರು 1960ರ ಸುಮಾರಿನಲ್ಲಿ ದೀರ್ಘ ಪರೀಕ್ಷೆಗಳನ್ನು ನಡೆಸಿ ಇದನ್ನೇ ತೋರಿಸಿಕೊಟ್ಟರು. ಹುಡುಕಾಟವನ್ನು ಅಗಲ ಮಾಡಿದಷ್ಟು ಬೇಕಾದ ಕಾಗದಗಳು ಹೆಚ್ಚು ದೊರೆಯುತ್ತವೆ, ಆದರೆ ಬೇಡವಾದವೂ ಅವುಗಳ ಸಂಗಡ ಹೆಚ್ಚುತ್ತವೆ. ನಾವು ಕಣದಲ್ಲಿ ಮಾಡುವದೂ ಹೀಗೆಯೇ ಅಲ್ಲವೆ? ಮೊದಲು ಹೊಟ್ಟು ಸಹಿತ ರಾಶಿ ಮಾಡಿ, ಆಮೇಲೆ ತೂರುತ್ತೇವೆ. ತೂರುವ ಕೆಲಸವನ್ನು ರಾಶಿಯ ಮೊದಲೇ ಮಾಡಹೋದವನಿಗೆ ಕಾಳು ಸಿಗಲಾರದು. ಅದೇ ರೀತಿ “ಆಸರೆ”, “ನೆರವು”, “ಸಹಾಯ” ಎಂಬಂಥ ಎಲ್ಲ ಕಡೆಗೂ ಬರುವ ಶಬ್ದಗಳನ್ನು ಸೇರಿಸಿ ಪ್ರಯೋಜನವಿಲ್ಲ. “ಪೌತಿ”, “ನಿರಾಧಾರ” ಇಂಥ ಅಪರೂಪದ ಶಬ್ದಕ್ಕೆ ಬೆಲೆ ಹೆಚ್ಚು. 1972ರಲ್ಲಿ ಕೇಂಬ್ರಿಜಿನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿದುಷಿ ಇದನ್ನೇ ಒಂದು ಲೆಕ್ಕದ ಸೂತ್ರವಾಗಿ ಬರೆದರು; ಶೋಧಯಂತ್ರಗಳ ಕೆಲಸಕ್ಕೆ ಅದು ದೊಡ್ಡ ಆಧಾರವಾಯಿತು.

ಒಂದು ಎಚ್ಚರಿಕೆ. ಸರಕಾರಿ ಪುಟಗಳ ವಿಳಾಸವು ಸಾಮಾನ್ಯವಾಗಿ ಜಿ-ಓ-ವಿ ಚುಕ್ಕೆ ಐ-ಎನ್ ಎಂದು ಮುಗಿಯುತ್ತದೆ. ಶಬ್ದಗಳನ್ನು ಅಗಲ ಮಾಡಿದಾಗ ಏಜಂಟರ ಮತ್ತು ಠಕ್ಕರ ಪುಟಗಳೂ ಒಳಗೆ ನುಸುಳುತ್ತವೆ. ಹೀಗೆ ದೊರೆತ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಬ್ಯಾಂಕಿನ ಗುಟ್ಟಿನ ಅಂಕಿಗಳನ್ನು ಯಾರಿಗೂ ಹೇಳಬಾರದು.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೂ ಕೆಲವು ತೊಡಕುಗಳುಂಟು. ನಮ್ಮ ಶಬ್ದಗಳಿಗೆ ವಿಭಕ್ತಿ ಹತ್ತಿದೊಡನೆ ರೂಪ ಬದಲಾಗುತ್ತದೆ. ಸಾವು ಎಂಬುದು ಸಾವಿನ, ಸಾವಿಗೆ ಎಂದಾಗುತ್ತದೆ. ಒಂದೇ ಪುಟದೊಳಗೆ ಶಬ್ದ ಹುಡುಕುವಾಗ ಕೊನೆಯ ಸ್ವರಚಿಹ್ನೆಯನ್ನು ಬಿಟ್ಟು “ಸಾವ” ಎಂದಷ್ಟೇ ಬರೆದರೆ ಎಷ್ಟೋ ಕಡೆ ಎಲ್ಲ ರೂಪಗಳೂ ಸಿಗುತ್ತವೆ. ಪರಭಾಷೆಯ ಶಬ್ದಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ: ಪಿಂಚಣಿ, ಪೆನ್ಶನ್, ಪೆನ್ಷನ್. ಸೊಲ್ಲಾಪುರ, ಸೋಲಾಪುರ, ಶೋಲಾಪುರ. ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗಿನ ಗೊಂದಲ ಇನ್ನೂ ಹೆಚ್ಚು. ಬಸವರಾಜನ ನಡುವೆ ವಿ ಅಕ್ಷರ ಹಾಕುವವರಿದ್ದಾರೆ, ಡಬ್ಲ್ಯು ಹಾಕುವವರಿದ್ದಾರೆ. ಸ ಮತ್ತು ವ ನಡುವಿನ ಎ ಅಕ್ಷರವನ್ನು ನುಂಗುವವರಿದ್ದಾರೆ. ಮತದಾರರ ಯಾದಿಯಲ್ಲಿಯೂ ಫಂಡಿನ ಖಾತೆಯಲ್ಲಿಯೂ ಹೆಸರು ಹುಡುಕುವವರು ಈ ರೂಪಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಬೇಕು.

ಎಲ್ಲಕ್ಕಿಂತ ಮೋಸದ ತೊಡಕೆಂದರೆ ಹಳೆಯ ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರಗಳಲ್ಲಿ ಅಚ್ಚಾದ ಕಾಗದಗಳದು. ಯುನಿಕೋಡ್ ಪದ್ಧತಿಗೆ ಬರುವ ಮೊದಲು ತಯಾರಾದ ಇಂಥ ಕಾಗದಗಳಲ್ಲಿ ನಮ್ಮ ಕಣ್ಣಿಗೆ ಅಚ್ಚಗನ್ನಡ ಕಾಣುತ್ತದೆ. ಯಂತ್ರದ ಹೊಟ್ಟೆಯಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡಿರುತ್ತವೆ. ನೀವು “ಪಹಣಿ” ಎಂದು ಎಷ್ಟು ಸಲ ಕೇಳಿದರೂ ಅದು ಇಲ್ಲವೆಂದೇ ಹೇಳುತ್ತದೆ, ಶಬ್ದ ನಿಮ್ಮ ಕಣ್ಣೆದುರಿಗೇ ಇದ್ದರೂ. ಕಾಗದದ ಫೋಟೋ ಮಾತ್ರ ಹಾಕಿದ್ದರೂ ಹಲವು ಸಲ ಇದೇ ಗತಿ. ಇಂಥಲ್ಲಿ ಇಲಾಖೆಯ ಹೆಸರು, ಆದೇಶದ ಸಂಖ್ಯೆ, ತಾರೀಖು, ಇಂಗ್ಲಿಷ್ ತಲೆಬರಹ ಇವುಗಳಿಂದ ಹುಡುಕುವದೊಂದೇ ದಾರಿ.

“ಈಗಿನ ಯಂತ್ರಗಳು ಬಳಗವನ್ನು ತಾವೇ ಸೇರಿಸಿಕೊಳ್ಳುತ್ತವಲ್ಲ, ನಮಗೇಕೆ ಈ ಉಸಾಬರಿ?” ಎಂದು ತಿಳಿದವರೊಬ್ಬರು ಕೇಳಿದರು. ಮಾತು ಸುಳ್ಳಲ್ಲ. ಹಿಂದೆ ಗೂಗಲಿನಲ್ಲಿ ಶಬ್ದದ ಹಿಂದೆ ಅಲೆಯಂಥ ಒಂದು ಚಿಹ್ನೆ ಹಚ್ಚಿದರೆ ಅದರ ಸಮಾನಾರ್ಥಕಗಳನ್ನೂ ಹುಡುಕುವ ಸೌಕರ್ಯವಿತ್ತು. 2013ರಲ್ಲಿ ಅದನ್ನು ತೆಗೆದುಹಾಕಿದರು. ಹೇಳದೆಯೇ ಸಮಾನಾರ್ಥಕಗಳನ್ನು ನೋಡುವಷ್ಟು ಯಂತ್ರಗಳು ಮುಂದುವರಿದಿವೆ. ಪ್ರಶ್ನೆಯನ್ನು ಪೂರ್ತಿ ವಾಕ್ಯದಲ್ಲಿ ಕೇಳಿದರೆ ಉತ್ತರಿಸುವ ಯಂತ್ರಗಳೂ ಬಂದಿವೆ. ಇಂಗ್ಲಿಷಿನ ರೂಢಿಯ ಶಬ್ದಗಳಿಗೆ ಇದೆಲ್ಲ ಚೆನ್ನಾಗಿ ನಡೆಯುತ್ತದೆ. ಉತಾರ, ವಾರಸಾ ಎಂಬ ನಮ್ಮ ಕಡೆಯ ಮಾತುಗಳಲ್ಲಿ ಅಷ್ಟು ನಂಬಿಗೆ ಇಡಲಾಗದು. ಮೇಲಾಗಿ ಎಷ್ಟೋ ಕಚೇರಿಗಳ ಸ್ವಂತ ಪುಟಗಳಲ್ಲಿರುವ ಹುಡುಕುವ ಚೌಕವು ಅಕ್ಷರಕ್ಕೆ ಅಕ್ಷರ ತಾಳೆ ನೋಡುವದಷ್ಟನ್ನೇ ಬಲ್ಲದು. ನಮ್ಮ ಜನರ ಕೆಲಸ ಬೀಳುವದು ಬಹುಶಃ ಅಲ್ಲಿಯೇ.

ವಾಚನಾಲಯದ ಪುಸ್ತಕಗಳ ವಿಷಯದಲ್ಲಿಯೂ ಈ ಪಾಠ ಉಪಯೋಗಕ್ಕೆ ಬರುತ್ತದೆ. ಬೇಂದ್ರೆಯವರು ಕವಿತೆಗೆ ಅಂಬಿಕಾತನಯದತ್ತ, ಮಾಸ್ತಿಯವರು ಶ್ರೀನಿವಾಸ, ಕೆ. ವಿ. ಪುಟ್ಟಪ್ಪನವರು ಕುವೆಂಪು, ಬೆಟಗೇರಿ ಕೃಷ್ಣಶರ್ಮರು ಆನಂದಕಂದ. ಒಂದು ಹೆಸರಿನ ಕೆಳಗೆ ಪುಸ್ತಕ ಕಾಣದಿದ್ದರೆ ಇನ್ನೊಂದರ ಕೆಳಗೆ ನೋಡಬೇಕು. ಒಳ್ಳೆಯ ಗ್ರಂಥಾಲಯಗಳಲ್ಲಿ ಇದಕ್ಕಾಗಿಯೇ “ಇದನ್ನೂ ನೋಡಿ” ಎಂಬ ಚೀಟಿಗಳನ್ನು ಇಡುವ ಪದ್ಧತಿ ಬಹಳ ಹಳೆಯದು. 1924ರಲ್ಲಿ ಮದ್ರಾಸ ವಿಶ್ವವಿದ್ಯಾಲಯದ ಗ್ರಂಥಪಾಲರಾದ ಎಸ್. ಆರ್. ರಂಗನಾಥನ್ನರು ಮೊದಲು ಗಣಿತದ ಅಧ್ಯಾಪಕರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ವಾಚಕನ ಸಮಯವನ್ನು ಉಳಿಸಬೇಕೆಂಬುದು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಈ ಶಾಸ್ತ್ರಕ್ಕಾಗಿಯೇ ಒಂದು ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ಹತ್ತು ತಾಸು ದುಡಿದು ಬರುವ ವಾಚಕನಿಗೆ ಆ ನಾಲ್ಕನೆಯ ಸೂತ್ರದ ಬೆಲೆ ಬೇರೆಯವರಿಗಿಂತ ಹೆಚ್ಚು ತಿಳಿದೀತು.

ನಮ್ಮ ರಜಿಸ್ಟರಿಗೆ ಇಂಥ ಚೀಟಿಗಳನ್ನು ಹಚ್ಚುವ ಕೆಲಸ ನಡೆದಿದೆ. ಜೊತೆಗೆ ಮೇಜಿನ ಮೇಲೆ ಒಂದು ಕೋರಾ ವಹಿ ಇಟ್ಟಿದ್ದೇವೆ. ಎಡಕ್ಕೆ ನಮ್ಮ ಬಾಯಿಮಾತಿನ ಶಬ್ದ, ಬಲಕ್ಕೆ ಕಚೇರಿಯ ಶಬ್ದ. ಯಾರಿಗೆ ಯಾವುದು ಗೊತ್ತಾದರೂ ಬರೆದಿಡಬಹುದು. ಮರಾಠಿಯವು ಸಾಕಷ್ಟು ಆಗಿವೆ. ತಮಿಳು, ತೆಲುಗು ಶಬ್ದಗಳು ಇನ್ನೂ ಬಹಳ ಕಡಿಮೆ. ಚೆನ್ನೈ, ಹೈದರಾಬಾದಿನಲ್ಲಿ ಇದ್ದು ಬಂದವರು ದಯವಿಟ್ಟು ತುಂಬಿಕೊಡಬೇಕು.

ಅಭ್ಯಾಸಕ್ಕಾಗಿ ಮೂರು ಪ್ರಶ್ನೆಗಳು. ಯಂತ್ರದ ಮುಂದೆ ಕೂಡುವ ಮೊದಲು ಪ್ರತಿಯೊಂದಕ್ಕೂ ನಾಲ್ಕಾದರೂ ಶಬ್ದಗಳನ್ನು ಕಾಗದದ ಮೇಲೆ ಬರೆಯಿರಿ.

ಬಾದಾಮಿ ತಾಲೂಕಿನ ಒಬ್ಬರಿಗೆ 1985ರ ಶಾಲೆಯ ದಾಖಲೆ ಬೇಕಾಗಿದೆ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಯಾವ ಜಿಲ್ಲೆಯ ಹೆಸರಿನಿಂದ ಹುಡುಕಬೇಕು, ಅದನ್ನು ಎಷ್ಟು ರೀತಿಯಲ್ಲಿ ಬರೆಯಬಹುದು?

ಊರಿನ ಗೋವಿನಜೋಳದ ದರ ನೋಡಬೇಕಾಗಿದೆ. ದಾವಣಗೆರೆಯ ಪೇಟೆಯವರು ಅದನ್ನು ಏನೆಂದು ಬರೆದಾರು? ಮೈಸೂರಿನವರು?

ಮೂವತ್ತು ವರ್ಷ ಗಿರಣಿಯಲ್ಲಿ ದುಡಿದು ತೀರಿಕೊಂಡವರ ಫಂಡಿನ ಹಣ ಅವರ ಹೆಂಡತಿಗೆ ಬರಬೇಕಾಗಿದೆ. ಕನ್ನಡದಲ್ಲಿ ಭವಿಷ್ಯ ನಿಧಿ, ಮರಾಠಿಯಲ್ಲಿ ಭವಿಷ್ಯ ನಿರ್ವಾಹ ನಿಧಿ, ಕಚೇರಿಯ ಸಂಕ್ಷೇಪದಲ್ಲಿ ಇ.ಪಿ.ಎಫ್. ಇವುಗಳ ಜೊತೆಗೆ ಇನ್ನೇನು ಬೇಕು? ಗಿರಣಿಯ ಹೆಸರು ಬದಲಾಗಿದ್ದರೆ ಏನು ಮಾಡುವಿರಿ? ಉತ್ತರಗಳನ್ನು ಮೇಜಿನ ಮೇಲಿನ ವಹಿಯ ಕೊನೆಯ ಪುಟಗಳಲ್ಲಿ ಬರೆದಿಡಿರಿ. ಮುಂದಿನ ಸಂಚಿಕೆಯಲ್ಲಿ ಅವುಗಳನ್ನು ಕುರಿತು ಬರೆಯಲಾಗುವದು.